ಸಿಂಗಪುರದಲ್ಲಿ ಗೋಧಿ ಮುಸುರೆ

ವಿಮಾನದಲ್ಲಿ

ನನ್ನ ಹೊಟ್ಟೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಪ್ರವಾಸದುದ್ದಕ್ಕೂ ನನಗಿಂತ ಒಂದು ಹೆಜ್ಜೆ ಮುಂದೆ ನಡೆದದ್ದು ಅದೇ. ಎರಡು ವರ್ಷದ ಹಿಂದೆ ಮೈಸೂರಿನ ಡಾಕ್ಟರೊಬ್ಬರು ನನಗೆ ಸೀಲಿಯಾಕ್ ಕಾಯಿಲೆ ಇದೆ ಎಂದರು. ಚಪಾತಿ ಹಿಟ್ಟನ್ನು ಎಳೆದರೆ ರಬ್ಬರಿನ ಹಾಗೆ ಬರುತ್ತದಲ್ಲ, ಆ ಅಂಟಿನ ಹೆಸರು ಗ್ಲುಟೆನ್. ಅದು ನನ್ನ ಕರುಳಿಗೆ ಆಗುವುದಿಲ್ಲ. ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ‘ಸಣ್ಣ ಕರುಳಿನ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿ’ ಎಂದು ಮಕ್ಕಳ ಜೀವ ತಿಂದವಳು ನಾನು. ನಿವೃತ್ತಿಯಾದ ಮೇಲೆ ಅದೇ ಸಣ್ಣ ಕರುಳು ನನಗೆ ಪಾಠ ಹೇಳಲು ಕೂತಿತು.

ಚಪಾತಿ, ರವೆ, ಮೈದಾ, ಶಾವಿಗೆ, ಬಿಸ್ಕತ್ತು ಎಲ್ಲ ಬಿಟ್ಟೆ. ಬಿಡುವುದು ಅಂಥ ಕಷ್ಟವಲ್ಲ. ಅಕ್ಕಿ ರಾಗಿ ಇರುವ ನಾಡಿನವಳು ಗೋಧಿ ಇಲ್ಲದೆ ಸಾಯುವುದಿಲ್ಲ. ಕಷ್ಟವೆಂದರೆ ಕೇಳುವುದು. ಗೋಧಿಯ ಚೂರು ಸೋಕಿದರೂ ನನಗೆ ಮೂರು ದಿನ ಹಾಸಿಗೆಯೇ ಗತಿ. ಆದ್ದರಿಂದ ಯಾರ ಮನೆಗೆ ಹೋದರೂ ‘ಇದಕ್ಕೆ ಏನು ಹಾಕಿದ್ದೀರಿ, ಯಾವ ಸೌಟಿನಲ್ಲಿ ತಿರುವಿದಿರಿ’ ಎಂದು ಪೊಲೀಸರ ಹಾಗೆ ವಿಚಾರಣೆ ಮಾಡಬೇಕು. ಗೆಳತಿಯೊಬ್ಬಳು ನನಗೋಸ್ಕರವೇ ಪಾಯಸ ಮಾಡಿ ತಂದಿದ್ದಳು. ನಾನು ಕೇಳಿದ ಪ್ರಶ್ನೆಗಳಿಗೆ ಅವಳ ಮುಖ ಸಣ್ಣದಾಗುತ್ತಾ ಹೋದದ್ದು ಇನ್ನೂ ಕಣ್ಣಮುಂದೆ ಇದೆ. ಆಮೇಲೆ ನಾನು ಬೇರೆಯವರ ಮನೆಯಲ್ಲಿ ಊಟಕ್ಕೆ ಕೂರುವುದನ್ನೇ ನಿಲ್ಲಿಸಿದೆ. ಎರಡು ವರ್ಷದಲ್ಲಿ ಇನ್ನೊಬ್ಬರು ಕೊಟ್ಟದ್ದನ್ನು ಏನೂ ಕೇಳದೆ ಬಾಯಿಗೆ ಹಾಕಿಕೊಂಡ ನೆನಪೇ ನನಗಿಲ್ಲ.

ಸಿಂಗಪುರದಲ್ಲಿರುವ ನನ್ನ ತಂಗಿ ನಳಿನಿ ಮೂರು ಸಲ ಕರೆದಳು, ಮೂರು ಸಲವೂ ನೆಪ ಹೇಳಿದೆ. ನಾಲ್ಕನೇ ಸಲ, “ಅಕ್ಕ, ನೀನು ಬರ್ದೇ ಇದ್ರೆ ನಾನೇ ಅಲ್ಲಿಗೆ ಬಂದು ನಿನ್ನ ಅಡುಗೆಮನೇಲಿ ಕೂತ್ಕೊಂಡು ಪೂರಿ ಕರೀತೀನಿ” ಎಂದು ಹೆದರಿಸಿದಳು. ಟಿಕೆಟ್ ಬುಕ್ ಆಯಿತು.

ಮೊದಲ ಎಡವಟ್ಟು ಆಕಾಶದಲ್ಲೇ ಆಯಿತು. ವಿಮಾನದಲ್ಲಿ ಒಬ್ಬರಿಗೆ ಒಂದೇ ವಿಶೇಷ ಊಟವಂತೆ. ಗ್ಲುಟೆನ್ ಇಲ್ಲದ ಊಟ ಬೇಕೆಂದರೆ ಅದರಲ್ಲಿ ಕೋಳಿ ಇರುತ್ತದೆ. ಸಸ್ಯಾಹಾರ ಬೇಕೆಂದರೆ ಅದರಲ್ಲಿ ಗೋಧಿ ಇರುತ್ತದೆ. ಕೋಳಿಯನ್ನೂ ತಿನ್ನದ ಗೋಧಿಯನ್ನೂ ತಿನ್ನದ ಜೀವವೊಂದು ಭೂಮಿಯ ಮೇಲೆ ಇರಬಹುದೆಂದು ಆ ಕಂಪ್ಯೂಟರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗಗನಸಖಿ ಪಾಪ ನನ್ನ ಮುಂದೆ ಕೋಳಿ ಇಟ್ಟು, ನನ್ನ ಮುಖ ನೋಡಿ, ಅದನ್ನು ಎತ್ತಿಕೊಂಡು ಹೋಗಿ ಒಂದು ಗೊಂಚಲು ದ್ರಾಕ್ಷಿ ತಂದುಕೊಟ್ಟಳು. ನಾನು ಕೈಚೀಲದಿಂದ ಅಕ್ಕಿಹಿಟ್ಟಿನ ಚಕ್ಕುಲಿ ತೆಗೆದೆ. ಎಲ್ಲರೂ ಕಣ್ಣುಮುಚ್ಚಿ ಮಲಗಿರುವ ವಿಮಾನದಲ್ಲಿ ಚಕ್ಕುಲಿ ಮುರಿದರೆ ಎಷ್ಟು ಸದ್ದಾಗುತ್ತದೆ ಎಂಬುದು ಅವತ್ತು ಗೊತ್ತಾಯಿತು. ಮುಂದಿನ ಸಾಲಿನವರು ತಿರುಗಿ ನೋಡಿದರು. ಮಿಕ್ಕಿದ್ದನ್ನು ಬಾಯಲ್ಲಿ ನೆನೆಸಿ ನೆನೆಸಿ ತಿಂದೆ.

ಜುರಾಂಗ್ ವೆಸ್ಟ್, ಶನಿವಾರ

ನಳಿನಿಯ ಮನೆ ಜುರಾಂಗ್ ವೆಸ್ಟಿನಲ್ಲಿ, ಹನ್ನೊಂದನೇ ಮಹಡಿಯಲ್ಲಿ. ಅವಳ ಗಂಡ ಪ್ರಸಾದ್ ಸೆಲೆಟಾರ್‌ನಲ್ಲಿ ವಿಮಾನದ ಎಂಜಿನ್‌ಗಳ ಹೊಟ್ಟೆ ಬಿಚ್ಚಿ ರಿಪೇರಿ ಮಾಡುವವನು. ಮಗಳು ಅದಿತಿಗೆ ಹದಿನಾಲ್ಕು. ಅವಳ ಕನ್ನಡದಲ್ಲಿ ಮೂರು ಮಾತಿಗೊಂದು ಸಿಂಗಪುರದವರ ‘ಲಾ’ ಸೇರಿಕೊಂಡಿದೆ. ಇನ್ನೊಬ್ಬರಿದ್ದಾರೆ. ಪ್ರಸಾದನ ತಾಯಿ ರುಕ್ಮಿಣಮ್ಮ, ನಂಜನಗೂಡಿನವರು, ಎಂಬತ್ತೊಂದು ವರ್ಷ. ನಾನು ಮೂರು ಸಲ ನೆಪ ಹೇಳಿದ್ದಕ್ಕೆ ಅರ್ಧ ಕಾರಣ ಹೊಟ್ಟೆಯಾದರೆ, ಇನ್ನರ್ಧ ಕಾರಣ ಅವರೇ.

ನಮ್ಮಿಬ್ಬರ ಜಗಳ ನಳಿನಿಯ ಮದುವೆಯಷ್ಟೇ ಹಳೆಯದು. ಹಳೇ ಮೈಸೂರಿನ ಕೆಲವು ಮನೆಗಳಲ್ಲಿ ಮುಸುರೆ ಎಂಬ ಕಟ್ಟಳೆ ಇತ್ತು, ಈಗಲೂ ಅಲ್ಲಲ್ಲಿ ಇದೆ. ಬೆಂದ ಅನ್ನ ಮುಟ್ಟಿದ ಕೈ, ಅನ್ನ ಮಾಡಿದ ಪಾತ್ರೆ, ಅನ್ನ ಬಡಿಸಿದ ಸೌಟು ಎಲ್ಲ ಮುಸುರೆ. ಆ ಕೈಯನ್ನು ತೊಳೆಯದೆ ಮೊಸರು, ತುಪ್ಪ, ಉಪ್ಪಿನಕಾಯಿ ಮುಟ್ಟುವಂತಿಲ್ಲ. ಮದುವೆಯ ದಿನ ಛತ್ರದಲ್ಲಿ ನಾನು ಅನ್ನ ಬಡಿಸಿದ ಕೈಯಲ್ಲೇ ಮೊಸರಿನ ಪಾತ್ರೆ ಎತ್ತಿಕೊಂಡೆ. ಬೀಗರ ಕಡೆಯ ರುಕ್ಮಿಣಮ್ಮ ಎಲ್ಲರೆದುರು ಪಾತ್ರೆ ಕಸಿದು ಪಕ್ಕಕ್ಕಿಟ್ಟರು. ನಾನು ಬಿಟ್ಟೇನೆಯೆ? “ಅನ್ನದಲ್ಲೇನು ವಿಷ ಇದೆಯಾ?” ಎಂದು ಛತ್ರಕ್ಕೆಲ್ಲ ಕೇಳುವಂತೆ ಕೇಳಿದೆ. ಅಂದಿನಿಂದ ನಮ್ಮ ನಡುವೆ ‘ಚೆನ್ನಾಗಿದ್ದೀರಾ’ ಮತ್ತು ‘ಚೆನ್ನಾಗಿದ್ದೀನಿ’ ಬಿಟ್ಟು ಬೇರೆ ಮಾತಿರಲಿಲ್ಲ.

ಬಾಗಿಲು ತೆಗೆದಾಗ ಹಸಿ ಬಟ್ಟೆಯ ವಾಸನೆ, ಊದುಬತ್ತಿಯ ವಾಸನೆ, ಅದರ ಹಿಂದೆ ರವೆ ಹುರಿಯುವ ವಾಸನೆ ಬಂತು. ನಾನು ಹೊಸ್ತಿಲಲ್ಲೇ ನಿಂತೆ. ಶನಿವಾರ ರುಕ್ಮಿಣಮ್ಮನವರ ಒಪ್ಪತ್ತು. ಸಂಜೆ ಅನ್ನ ತಿನ್ನುವುದಿಲ್ಲ, ಉಪ್ಪಿಟ್ಟು ತಿನ್ನುತ್ತಾರೆ. ದೇವರಿಗಾಗಿ ಅನ್ನ ಬಿಟ್ಟ ದಿನವೇ ನನ್ನಂಥವರಿಗೆ ಅಪಾಯ ಹೆಚ್ಚು ಎಂಬುದು ವಿಚಿತ್ರವಾದರೂ ನಿಜ.

ನಾನು ಮೊದಲೇ ಎರಡು ಪುಟದ ನಿಯಮಾವಳಿ ಕಳಿಸಿದ್ದೆ: ಏನು ಕೂಡದು, ಯಾವ ಪಾತ್ರೆ ಬೇರೆ ಇಡಬೇಕು, ಎಲ್ಲ. ನಳಿನಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಅದನ್ನು ಓದಿದ್ದೇನೆಂದು ಅವಳು ಹೇಳಿದಳು, ಪ್ರಸಾದನೂ ಹೇಳಿದ. ಆದರೆ ನಳಿನಿ ಉಪ್ಪಿಟ್ಟಿನ ಸೌಟನ್ನು ನಲ್ಲಿಯ ಕೆಳಗೆ ಹಾಗೆ ಆಡಿಸಿ ನನ್ನ ಪಲ್ಯಕ್ಕೆ ಹಾಕಲು ಹೊರಟಳು. ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯ ಮೂಲೆಯಿಂದ ದನಿ ಬಂತು.

“ನಳಿನಿ, ಆ ಸೌಟು ಮುಸುರೆ. ಕೆಳಗಿಡು.”

“ಇದು ರವೆ ಅತ್ತೆ, ಅನ್ನ ಅಲ್ವಲ್ಲ.”

“ಅವರಿಗೆ ಗೋಧೀನೇ ಮುಸುರೆ. ಆ ಕಾಗದದಲ್ಲಿ ಎರಡು ಪುಟ ಬರ್ದಿರೋದು ಅದೇ ತಾನೆ? ಮುಸುರೆ ಅಂತ ಒಂದು ಮಾತು ಬರ್ದಿದ್ರೆ ಸಾಕಾಗಿತ್ತು.”

ಆಮೇಲೆ ರುಕ್ಮಿಣಮ್ಮ ನನ್ನ ಕಡೆ ತಿರುಗಿದರು. “ಅವತ್ತು ನೀವು ಕೇಳಿದ್ರಿ, ಅನ್ನದಲ್ಲೇನು ವಿಷ ಇದೆಯಾ ಅಂತ. ಗೋಧಿಯಲ್ಲೇನು ವಿಷ ಇದೆಯಾ ಅಂತ ನಾನು ಕೇಳಲ್ಲ.”

ಇಪ್ಪತ್ತು ವರ್ಷದ ಮೇಲೆ ಬಂದ ಉತ್ತರ ಅದು.

ಅರ್ಧ ಗಂಟೆಯಲ್ಲಿ ಅವರು ಅಡುಗೆಮನೆಯನ್ನು ಎರಡು ರಾಜ್ಯ ಮಾಡಿದರು. ಎಡಗಡೆಯ ಒಲೆ ನನ್ನದು. ಒಂದು ಕುಕ್ಕರ್, ಎರಡು ಸೌಟು, ಒಂದು ಬಾಣಲೆಯ ಹಿಡಿಗೆ ಕೆಂಪು ದಾರ ಕಟ್ಟಿದರು. ಪಾತ್ರೆ ಉಜ್ಜುವ ಸ್ಪಂಜು ಬೇರೆ, ಕೈ ಒರೆಸುವ ಬಟ್ಟೆ ಬೇರೆ. ತಾವು ಮಾಡಿಕೊಂಡಿದ್ದ ಉಪ್ಪಿಟ್ಟನ್ನು ಪ್ರಸಾದನಿಗೆ ದಾಟಿಸಿ, ತಮಗೆ ಅವಲಕ್ಕಿ ನೆನೆಸಿಕೊಂಡರು. ಅದಿತಿ ನೋಡಿ ನಕ್ಕಳು. “ಅಜ್ಜಿ, ಸ್ಕೂಲಲ್ಲಿ ಇದಕ್ಕೆ ಕ್ರಾಸ್ ಕಂಟ್ಯಾಮಿನೇಶನ್ ಅಂತಾರೆ ಲಾ.”

“ಏನಾದ್ರೂ ಅನ್ನಲಿ. ಕೈ ತೊಳ್ಕೊಂಡು ಅನ್ನಲಿ” ಎಂದರು ಅಜ್ಜಿ.

ಊಟವಾದ ಮೇಲೆ ಪೆಟ್ಟಿಗೆ ಬಿಚ್ಚಿದೆ. ನಳಿನಿ ಪಟ್ಟಿ ಕೊಟ್ಟು ತರಿಸಿಕೊಂಡದ್ದು: ಕಾಫಿಪುಡಿ, ಮನೆಯ ಸಾರಿನಪುಡಿ, ಹುಣಸೆಹಣ್ಣು, ಹಳದಿ ಡಬ್ಬದ ಇಂಗು. ಇಂಗಿನ ಡಬ್ಬ ಮುಚ್ಚಿದ್ದಾಗಲೇ ಮೂಸಿ ನೋಡಿ, “ಅಮ್ಮನ ಸಾರು ನೆನಪಾಯ್ತು ಅಕ್ಕ” ಎಂದು ಕಣ್ಣು ಒರೆಸಿಕೊಂಡಳು. ನಾನೂ ಒರೆಸಿಕೊಂಡೆ.

ಟ್ರೇ ಇಡುವ ಜಾಗ

ಭಾನುವಾರ ಎಲ್ಲರೂ ಮನೆಯ ಹತ್ತಿರದ ಹಾಕರ್ ಸೆಂಟರಿಗೆ ಹೋದೆವು. ದೊಡ್ಡ ಸೂರಿನ ಕೆಳಗೆ ನೂರಾರು ಮೇಜು, ಸುತ್ತ ಸಣ್ಣ ಸಣ್ಣ ಅಂಗಡಿ, ಒಂದೊಂದರಲ್ಲೂ ಒಂದೆರಡೇ ಅಡುಗೆ. ಅದಿತಿ ಹೋಗುತ್ತಲೇ ಖಾಲಿ ಮೇಜಿನ ಮೇಲೆ ಒಂದು ಟಿಶ್ಯೂ ಪೊಟ್ಟಣ ಎಸೆದಳು. ಅದಿದ್ದರೆ ಮೇಜು ನಮ್ಮದಂತೆ, ಯಾರೂ ಕೂರುವುದಿಲ್ಲವಂತೆ. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಅದೇ. ವ್ಯತ್ಯಾಸ ಏನೆಂದರೆ ಇಲ್ಲಿ ಆ ಪೊಟ್ಟಣವನ್ನು ಯಾರೂ ಎತ್ತಿ ಆಚೆ ಇಡುವುದಿಲ್ಲ.

ನಾನೂ ರುಕ್ಮಿಣಮ್ಮನೂ ನಮ್ಮ ನಮ್ಮ ಡಬ್ಬ ತಂದಿದ್ದೆವು. ನನ್ನದರಲ್ಲಿ ಮೊಸರನ್ನ, ಅವರದರಲ್ಲೂ ಮೊಸರನ್ನ. ಹನ್ನೊಂದು ವರ್ಷದಿಂದ ಈ ಊರಿನಲ್ಲಿದ್ದರೂ ಅವರು ಹೊರಗೆ ಒಂದು ತುತ್ತು ತಿಂದಿಲ್ಲ. ನನ್ನದು ಕಾಯಿಲೆ, ಅವರದು ಮಡಿ. ಇಬ್ಬರೂ ಎದುರುಬದುರು ಕೂತು ಡಬ್ಬ ತೆರೆದಾಗ ನನಗೆ ನಗು ಬಂತು. ಅವರಿಗೆ ಬರಲಿಲ್ಲ.

ಸುಮ್ಮನೆ ಕೂರಲಾರದೆ ತರಕಾರಿ ಅಡುಗೆಯ ಅಂಗಡಿಗೆ ಹೋಗಿ, ಅಲ್ಲಿನ ಅಂಕಲ್‌ಗೆ ನನ್ನ ವಿಷಯ ಬಿಡಿಸಿ ಹೇಳಿದೆ. ಸೋಯಾ ಸಾಸ್ ಬೇಡ ಎಂದೆ.

“ಸೋಯಾ ಸಾಸ್ ನೋ ಮೀಟ್. ಕ್ಯಾನ್” ಎಂದು ಅವರು ಧೈರ್ಯ ಹೇಳಿದರು; ಇಲ್ಲಿ ‘ಕ್ಯಾನ್’ ಎಂದರೆ ‘ಆಗುತ್ತದೆ’ ಎಂದರ್ಥ.

ಸೋಯಾ ಸಾಸಿಗೂ ಗೋಧಿ ಸೇರಿಸುತ್ತಾರೆ, ಗೋಧಿ ನನಗಾಗದು ಎಂದೆ.

“ವೀಟ್ ನೋ ಹ್ಯಾವ್, ಆಂಟಿ. ಓನ್ಲಿ ನೂಡಲ್.”

ಆ ನೂಡಲ್ ಯಾವುದರದು ಎಂದು ಕೇಳಬೇಕೆಂದುಕೊಂಡೆ. ಹಿಂದೆ ಸಾಲು ಬೆಳೆದಿತ್ತು. ಅಂಕಲ್ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಒಳಗಿನಿಂದ ತಮ್ಮ ಊಟಕ್ಕೆಂದು ಇಟ್ಟುಕೊಂಡಿದ್ದ ಬಾಳೆಹಣ್ಣು ತಂದು ನನ್ನ ಕೈಗಿತ್ತು, ಮುಂದಿನವರ ಕಡೆ ತಿರುಗಿದರು. ಸಿಪ್ಪೆಯೊಳಗಿನ ಹಣ್ಣಿಗೆ ಯಾವ ಪ್ರಶ್ನೆಯೂ ಬೇಕಿಲ್ಲ. ಸಂತೋಷವಾಗಿ ತಿಂದೆ.

ಅಲ್ಲಿ ತಿಂದವರೇ ತಟ್ಟೆ ಎತ್ತಿ ಟ್ರೇ ಇಡುವ ಜಾಗಕ್ಕೆ ಒಯ್ಯಬೇಕು. ಅಲ್ಲಿ ಎರಡು ಕಪಾಟುಗಳಿದ್ದವು, ಒಂದು ಹಲಾಲ್ ತಟ್ಟೆಗಳಿಗೆ, ಇನ್ನೊಂದು ಉಳಿದ ತಟ್ಟೆಗಳಿಗೆ. ಸಹಾಯ ಮಾಡುವ ಉತ್ಸಾಹದಲ್ಲಿ ನಾನು ಪ್ರಸಾದನ ಟ್ರೇಯನ್ನು ತಪ್ಪು ಕಪಾಟಿನತ್ತ ಒಯ್ದೆ. ಶುಚಿ ಮಾಡುತ್ತಿದ್ದ ಮುದುಕಿಯೊಬ್ಬಳು ಓಡಿಬಂದು ನನ್ನ ಕೈ ಹಿಡಿದು ತಡೆದಳು. ಬೈಯಲಿಲ್ಲ. ಟ್ರೇ ಕಸಿದು ಸರಿಯಾದ ಕಡೆ ಇಟ್ಟು, ಬೆರಳಿನಲ್ಲಿ ‘ಇದು ಇಲ್ಲಿ, ಅದು ಅಲ್ಲಿ’ ಎಂದು ತೋರಿಸಿ ಹೋದಳು.

ರುಕ್ಮಿಣಮ್ಮ ಕೂತಲ್ಲಿಂದಲೇ ಇದನ್ನೆಲ್ಲ ನೋಡಿದ್ದರು. ನಾನು ಬಂದ ಮೇಲೆ ಕೇಳಿದರು, “ಈ ಊರಲ್ಲೂ ನಿಮ್ಮ ಕೈಯಿಂದ ಪಾತ್ರೆ ಕಸ್ಕೊಂಡ್ರಾ?”

ಅವತ್ತು ಅವರು ನಕ್ಕರು. ನಾನೂ ಸೇರಿಕೊಂಡೆ.

ಸೋಮವಾರ

ಸೋಮವಾರ ಮಧ್ಯಾಹ್ನ ಊಟ ಬಹಳ ಚೆನ್ನಾಗಿತ್ತು. ಕೆಂಪು ದಾರದ ಕುಕ್ಕರಿನಲ್ಲಿ ಅನ್ನ, ಕೆಂಪು ದಾರದ ಸೌಟಿನಲ್ಲಿ ಸಾರು. ಅಮ್ಮನ ಕೈಯ ಸಾರಿನ ಹಾಗೇ ಇದೆ ಎಂದು ಮೂರು ಸಲ ಬಡಿಸಿಕೊಂಡೆ. ನಾಲ್ಕು ಗಂಟೆಯ ಹೊತ್ತಿಗೆ ಹೊಟ್ಟೆಯಲ್ಲಿ ಯಾರೋ ಬಟ್ಟೆ ಹಿಂಡಿದ ಹಾಗಾಯಿತು. ಆ ನೋವಿನ ಗುರುತು ನನಗೆ ಚೆನ್ನಾಗಿದೆ. ಎಲ್ಲಿಂದಲೋ ಗೋಧಿ ಒಳಗೆ ಹೋಗಿದೆ.

ಮಲಗಿದಲ್ಲೇ ನಾನು ಪತ್ತೇದಾರಿಕೆ ಶುರು ಮಾಡಿದೆ. ಬಾಳೆಹಣ್ಣಿನ ಮೇಲೆ ಅನುಮಾನ ಪಡುವಂತಿಲ್ಲ. ಬೆಳಿಗ್ಗೆ ಅದಿತಿಯ ಡಬ್ಬಿಗೆ ಚಪಾತಿ ಲಟ್ಟಿಸಿದವರು ಯಾರು? ರುಕ್ಮಿಣಮ್ಮ. ಆಮೇಲೆ ನನ್ನ ಅನ್ನಕ್ಕೆ ಅಕ್ಕಿ ತೊಳೆದವರು? ಅವರೇ.

“ನೋಡು ನಳಿನಿ,” ಎಂದೆ. “ಅವರಿಗೆ ವಯಸ್ಸಾಗಿದೆ. ದಾರ ಕಟ್ಟೋದು ಬೇರೆ, ನೆನಪಿಟ್ಕೊಂಡು ಕೈ ತೊಳೆಯೋದು ಬೇರೆ. ಚಪಾತಿ ಕೈಯಲ್ಲೇ ಅಕ್ಕಿ ತೊಳೆದಿರ್ತಾರೆ.”

ನಳಿನಿ ನನ್ನ ಕಡೆ ನೋಡಲಿಲ್ಲ, ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ರುಕ್ಮಿಣಮ್ಮ ನಿಂತಿದ್ದರು, ಕೈಯಲ್ಲಿ ಬಿಸಿನೀರಿನ ಲೋಟ. ಅದಕ್ಕೂ ಒಂದು ಕೆಂಪು ದಾರ ಕಟ್ಟಿತ್ತು. ಅವರು ಲೋಟವನ್ನು ಮೇಜಿನ ಮೇಲಿಟ್ಟು ಹೋದರು.

ಸಂಜೆ ಅವರು ದಿನದ ಹಾಗೆ ವಾಯ್ಡ್ ಡೆಕ್‌ಗೆ ಇಳಿದರು. ಕಟ್ಟಡದ ಬುಡದಲ್ಲಿ ಕಂಬಗಳ ನಡುವೆ ಗಾಳಿಯಾಡುವ ಜಾಗ ಅದು; ಅಲ್ಲಿ ಅವರಿಗೆ ಇಬ್ಬರು ಚೀನೀ ಅಜ್ಜಿಯರ ಸ್ನೇಹ ಇದೆ. ಭಾಷೆಯಿಲ್ಲ, ಮೂವರೂ ಸುಮ್ಮನೆ ಕೂತು ಮಕ್ಕಳು ಸೈಕಲ್ ಹೊಡೆಯುವುದನ್ನು ನೋಡುತ್ತಾರೆ. ಅವತ್ತು ದೀಪ ಹಚ್ಚುವ ಹೊತ್ತಾದರೂ ಮೇಲೆ ಬರಲಿಲ್ಲ. ಪ್ರಸಾದ್ ಹೋಗಿ ಕರೆದುಕೊಂಡು ಬಂದ. ನನಗೆ ಹೊಟ್ಟೆನೋವಿಗಿಂತ ಹೆಚ್ಚಿನ ಸಂಕಟವಾಯಿತು, ಆದರೆ ಅವರೇ ತಪ್ಪು ಮಾಡಿದ್ದಾರೆಂಬ ನಂಬಿಕೆ ಮಾತ್ರ ಹೋಗಲಿಲ್ಲ. ಮಾಸ್ತರಿಕೆ ಮಾಡಿದವರಿಗೆ ತಮ್ಮ ಉತ್ತರದ ಮೇಲೆ ವಿಪರೀತ ನಂಬಿಕೆ.

ಭೂತಗನ್ನಡಿ

ಮಂಗಳವಾರ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಹೊರಗೆ ಬಂದೆ. ಊಟದ ಮೇಜಿನ ಮೇಲೆ ಅಡುಗೆಮನೆಯ ಡಬ್ಬಗಳೆಲ್ಲ ಸಾಲಾಗಿ ನಿಂತಿದ್ದವು. ಅವುಗಳ ಮುಂದೆ ರುಕ್ಮಿಣಮ್ಮ ಪಂಚಾಂಗ ನೋಡುವ ತಮ್ಮ ಭೂತಗನ್ನಡಿ ಹಿಡಿದು ಕೂತಿದ್ದರು. ಹಳೆಯ ಎಸ್ಸೆಸ್ಸೆಲ್ಸಿ ಅವರು; ಇಂಗ್ಲಿಷನ್ನು ಒಂದೊಂದೇ ಅಕ್ಷರವಾಗಿ, ಆದರೆ ತಪ್ಪಿಲ್ಲದೆ ಓದುತ್ತಾರೆ. ಎದ್ದಾಗಿನಿಂದ ಇದೇ ಕೆಲಸ ಎಂದು ನಳಿನಿ ಕಣ್ಣಲ್ಲೇ ಹೇಳಿದಳು.

ಸಕ್ಕರೆ, ಬೇಳೆ, ಅರಿಶಿನ, ಮೆಣಸು ಎಲ್ಲ ಪಾಸಾಗಿ ಒಂದು ಕಡೆ ಸೇರಿದ್ದವು. ಅವರು ಮುಂದಿನ ಡಬ್ಬ ಎತ್ತಿಕೊಂಡರು. ಹಳದಿ ಡಬ್ಬ.

“ಗಮ್... ವೀಟ್... ಫ್ಲೋರ್.” ತಲೆ ಎತ್ತಿದರು. “ವೀಟ್ ಅಂದ್ರೆ ಗೋಧಿ ತಾನೆ?”

“ಹೌದು ಅಜ್ಜಿ” ಎಂದಳು ಅದಿತಿ.

“ಇಂಗಿಗೆ ಗೋಧಿಹಿಟ್ಟು ಬೆರೆಸ್ತಾರೆ. ನಿನ್ನೆ ಸಾರಿಗೆ ಹಾಕಿದ್ದು ಇದೇನಾ?”

ನಳಿನಿಯ ಮುಖ ಬಿಳಿಚಿತು. “ಅಕ್ಕ ತಂದಿದ್ದು ಅಂತ ಎರಡು ಚಿಟಿಕೆ ಜಾಸ್ತೀನೇ ಹಾಕ್ಬಿಟ್ಟೆ ಅತ್ತೆ.”

ಅದಿತಿ ಮೆಲ್ಲನೆ ಬೆರಳೆತ್ತಿ ನನ್ನ ಕಡೆ ತೋರಿಸಿದಳು. ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ, ಈ ಸಲ ಅದು ಬರೀ ಮಾತಿಗೆ ಹೇಳುವುದೂ ಅಲ್ಲ.

ನಾಚಿಕೆಯ ಸಂಗತಿ ಏನೆಂದರೆ ನನಗೆ ಇದು ಗೊತ್ತಿತ್ತು. ಕಾಯಿಲೆ ಗೊತ್ತಾದ ಮೊದಲ ತಿಂಗಳಲ್ಲೇ ಗೋಧಿ ಬೆರೆಸಿದ ಇಂಗನ್ನು ಮನೆಯಿಂದ ಹೊರಗೆ ಹಾಕಿ, ಅಕ್ಕಿಹಿಟ್ಟಿನದನ್ನು ತಂದುಕೊಂಡಿದ್ದೆ. ನನ್ನ ಮನೆಯಲ್ಲಿ ಎಂದೋ ಮುಗಿದ ವಿಷಯವಾದ್ದರಿಂದ ನಿಯಮಾವಳಿಯಲ್ಲಿ ಬರೆಯಲು ತೋಚಲಿಲ್ಲ. ಹಳದಿ ಡಬ್ಬ ಕೊಳ್ಳುವಾಗ ಅದು ನಳಿನಿಯ ಡಬ್ಬ ಎಂದಷ್ಟೇ ತಲೆಯಲ್ಲಿತ್ತು. ನಳಿನಿಯ ಡಬ್ಬ ನಳಿನಿಯ ಸಾರಿಗೆ ಹೋಗುತ್ತದೆ, ಆ ಸಾರನ್ನು ಮೂರು ಸಲ ಬಡಿಸಿಕೊಳ್ಳುವವಳು ನಾನೇ ಎಂದು ಹೊಳೆಯಲಿಲ್ಲ. ಎರಡು ವರ್ಷ ಊರವರ ಡಬ್ಬಗಳನ್ನೆಲ್ಲ ವಿಚಾರಣೆ ಮಾಡಿದವಳು ನನ್ನ ಪೆಟ್ಟಿಗೆಯನ್ನೇ ವಿಚಾರಿಸಿರಲಿಲ್ಲ.

ಹೋಗಿ ಅವರ ಪಕ್ಕದ ಕುರ್ಚಿಯಲ್ಲಿ ಕೂತೆ. “ಅಮ್ಮ, ನಿನ್ನೆ ನಾನು ಅಂದದ್ದು ತಪ್ಪು. ಕ್ಷಮಿಸಿ.”

ಅವರು ಭೂತಗನ್ನಡಿ ಒರೆಸುತ್ತಿದ್ದರು. “ನಾನೂ ಅವತ್ತು ಛತ್ರದಲ್ಲಿ ಎಲ್ಲರೆದುರು ಪಾತ್ರೆ ಕಿತ್ಕೋಬಾರದಿತ್ತು. ಪಕ್ಕಕ್ಕೆ ಕರೆದು ಹೇಳಬಹುದಿತ್ತು. ನಿನಗೆ ಎಷ್ಟು ಅವಮಾನ ಆಗಿರ್ಬೇಕು.”

ಅಲ್ಲಿಯವರೆಗೆ ನನ್ನನ್ನು ನೀವು ಎನ್ನುತ್ತಿದ್ದವರು ಅವತ್ತಿನಿಂದ ನೀನು ಎಂದರು. ಮಧ್ಯಾಹ್ನ ನಳಿನಿ ಲಿಟ್ಲ್ ಇಂಡಿಯಾಕ್ಕೆ ಹೋಗಿ ಅಕ್ಕಿಹಿಟ್ಟು ಬೆರೆಸಿದ ಇಂಗು ಹುಡುಕಿ ತಂದಳು. ಅದನ್ನು ಮೂರು ಸಲ ಓದಿ ಒಪ್ಪಿಕೊಂಡ ಮೇಲೆ ರುಕ್ಮಿಣಮ್ಮ ತಮ್ಮ ಹಳೆಯ ಬೆಳ್ಳಿ ಭರಣಿಗೆ ತುಂಬಿ, ದಾರ ಕಟ್ಟಿ, ದೇವರ ಗೂಡಿನ ಪಕ್ಕದಲ್ಲಿಟ್ಟರು.

ಮಡಿಯನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ನಮ್ಮ ಅಜ್ಜಿ ಮಡಿಯ ಹೆಸರಿನಲ್ಲಿ ಹಾಲು ತರುವ ನಿಂಗಮ್ಮನನ್ನು ಒಂದು ದಿನವೂ ಹೊಸ್ತಿಲು ದಾಟಲು ಬಿಡಲಿಲ್ಲ. ಅದನ್ನು ನೋಡಿ ಬೆಳೆದ ಸಿಟ್ಟು ನನ್ನದು, ಅದು ಹೋಗುವುದಿಲ್ಲ. ಆದರೆ ಜುರಾಂಗ್ ವೆಸ್ಟಿನ ಆ ಅಡುಗೆಮನೆಯಲ್ಲಿ ಅದೇ ಕಟ್ಟುನಿಟ್ಟನ್ನು ಒಬ್ಬರು ನನ್ನನ್ನು ಪಂಕ್ತಿಯಲ್ಲಿ ಕೂರಿಸುವುದಕ್ಕೆ ಬಳಸಿದರು. ಕೈ ತೊಳೆಯುವುದು ಯಾರನ್ನು ದೂರ ಇಡುವುದಕ್ಕೆ, ಯಾರನ್ನು ಹತ್ತಿರ ಕರೆಯುವುದಕ್ಕೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ ಅನ್ನಿಸಿತು.

ಪಾಸಿರ್ ರಿಸ್, ಭಾನುವಾರ

ವಾರ ಕಳೆಯುವ ಹೊತ್ತಿಗೆ ಹೊಟ್ಟೆ ಸರಿಹೋಯಿತು. ಹೊರಡುವ ಹಿಂದಿನ ದಿನ ಸಮುದ್ರ ನೋಡೋಣವೆಂದು ಪಾಸಿರ್ ರಿಸ್‌ಗೆ ಹೊರಟೆವು. ಜುರಾಂಗ್ ಪಶ್ಚಿಮದ ಅಂಚು, ಪಾಸಿರ್ ರಿಸ್ ಪೂರ್ವದ ಅಂಚು. ಎಂಆರ್‌ಟಿ ರೈಲಿನಲ್ಲಿ ಊರನ್ನೇ ಅಡ್ಡಡ್ಡ ದಾಟಿದೆವು. ರೈಲಿನೊಳಗೆ ಏನೂ ತಿನ್ನುವಂತಿಲ್ಲ, ನೀರನ್ನೂ ಕುಡಿಯುವಂತಿಲ್ಲ. ನಮ್ಮಲ್ಲಾದರೆ ಮಂಡ್ಯ ದಾಟುವುದರೊಳಗೆ ಮದ್ದೂರು ವಡೆ, ಸೌತೆಕಾಯಿ, ಕಡಲೆಕಾಯಿ ಎಲ್ಲ ಬಂದುಹೋಗಿರುತ್ತವೆ. ರುಕ್ಮಿಣಮ್ಮನಿಗೆ ಮಾತ್ರ ಈ ರೈಲು ಬಹಳ ಇಷ್ಟ. “ಎಂಜಲಿಲ್ಲ, ಮುಸುರೆಯಿಲ್ಲ. ರೈಲು ಅಂದ್ರೆ ಹೀಗಿರ್ಬೇಕು” ಎಂದು ಮಡಿಲಲ್ಲಿ ಡಬ್ಬ ಇಟ್ಟುಕೊಂಡು ನೆಟ್ಟಗೆ ಕೂತಿದ್ದರು.

ಸಮುದ್ರದ ದಡದಲ್ಲಿ ನಡೆದು, ಮರಳಿ ಬರುವಾಗ ಹಾಕರ್ ಸೆಂಟರ್ ಹೊಕ್ಕೆವು. ಅಲ್ಲೊಂದು ಸಣ್ಣ ಅಂಗಡಿ. ತಲೆಗೆ ಬಟ್ಟೆ ಸುತ್ತಿದ ಮಲಯ್ ಹೆಂಗಸೊಬ್ಬರು ಅಕ್ಕಿಹಿಟ್ಟನ್ನು ತಟ್ಟೆಯಂಥ ಅಚ್ಚಿಗೆ ತುಂಬಿ, ನಡುವೆ ತಾಳೆಬೆಲ್ಲ ಇಟ್ಟು, ಬಟ್ಟೆ ಹೊದಿಸಿ ಹಬೆಯಲ್ಲಿ ಬೇಯಿಸುತ್ತಿದ್ದರು. ಬೆಂದದ್ದನ್ನು ಎಲೆಯ ಮೇಲೆ ಕವುಚಿ ಪಕ್ಕದಲ್ಲಿ ಕಾಯಿತುರಿ ಹಾಕುತ್ತಾರೆ. ಪುಟು ಪಿರಿಂಗ್ ಎಂದಳು ಅದಿತಿ. ನನಗೆ ಕಂಡದ್ದು ಗೌರಿಹಬ್ಬದ ಕಡುಬು. ಹಬೆಯ ಜೊತೆ ಬೆಲ್ಲದ ವಾಸನೆ ಬಂದಾಗ ನಿಂತಲ್ಲೇ ನಿಂತೆ. ಕೇಳಬೇಕು, ಮತ್ತೆ ಅದೇ ಪ್ರಶ್ನೆಗಳು, ಮತ್ತೆ ಒಂದು ಮುಖ ಸಣ್ಣದಾಗುವುದು. ಬೇಡವೆಂದು ಹೆಜ್ಜೆ ಕಿತ್ತೆ.

ರುಕ್ಮಿಣಮ್ಮ ನನ್ನ ಮುಂಗೈ ಹಿಡಿದುಕೊಂಡರು. “ನಿಲ್ಲು. ಅದಿತಿ, ಕೇಳು ಅವರನ್ನ. ಯಾವ ಹಿಟ್ಟು? ಆ ಬಟ್ಟೆ ಬೇರೆ ಯಾವುದಕ್ಕಾದ್ರೂ ಮುಟ್ಟಿಸ್ತಾರಾ? ಈ ಕೈಯಲ್ಲಿ ಬೇರೆ ಏನು ಮಾಡ್ತಾರೆ?”

ನನ್ನ ಪ್ರಶ್ನೆಗಳಿಗಿಂತ ಇವು ಖಾರವಾಗಿದ್ದವು. ಅದಿತಿ ಸಂಕೋಚಪಡುತ್ತಲೇ ಇಂಗ್ಲಿಷಿನಲ್ಲಿ ಕೇಳಿದಳು. ಆ ಹೆಂಗಸು ಬೇಸರಿಸಿಕೊಳ್ಳಲಿಲ್ಲ. ಹಿಟ್ಟಿನ ಪಾತ್ರೆಯನ್ನು ನಮ್ಮತ್ತ ವಾಲಿಸಿ ತೋರಿಸಿದರು. ಕೈಗವಸು ಕಳಚಿ ಹೊಸದು ಹಾಕಿಕೊಂಡರು. ಒಗೆದು ಮಡಿಸಿಟ್ಟ ಬಟ್ಟೆಗಳ ಕಟ್ಟಿನಿಂದ ಹೊಸ ಬಟ್ಟೆ ತೆಗೆದರು. “ಓನ್ಲಿ ರೈಸ್, ಆಂಟಿ” ಎಂದು, ಆಮೇಲೆ ಇನ್ನೇನೋ ಉದ್ದಕ್ಕೆ ಹೇಳಿದರು.

“ಏನಂತೆ?” ಎಂದರು ಅಜ್ಜಿ.

“ಇಲ್ಲಿ ಬರೀ ಇದೊಂದೇ ಮಾಡೋದಂತೆ. ಅವರೂ ಹೊರಗೆ ತಿನ್ನೋವಾಗ ಹಲಾಲ್ ಹೌದಾ ಅಂತ ಇಷ್ಟೇ ಕೇಳ್ತಾರಂತೆ. ಕೇಳೋರು ಊಟಕ್ಕೆ ಮರ್ಯಾದೆ ಕೊಡೋರು ಅಂತಿದ್ದಾರೆ.”

ರುಕ್ಮಿಣಮ್ಮ ಸ್ವಲ್ಪ ಹೊತ್ತು ಆ ಹೆಂಗಸಿನ ಕೈಗಳನ್ನೇ ನೋಡಿದರು. ಆಮೇಲೆ ಬೆರಳೆತ್ತಿ ತೋರಿಸಿದರು. “ಎರಡು ಎಲೆ ಕೊಡೋಕೆ ಹೇಳು.”

“ಅತ್ತೆ, ಅಕ್ಕ ಒಬ್ಬಳೇ ಅಲ್ವಾ ತಿನ್ನೋದು?” ಎಂದಳು ನಳಿನಿ.

“ಇನ್ನೊಂದು ನನಗೆ. ಹನ್ನೊಂದು ವರ್ಷದಿಂದ ಈ ಡಬ್ಬ ಹಿಡ್ಕೊಂಡು ಎಲ್ಲರ ಬಾಯಿ ನೋಡ್ತಾ ಕೂತಿದ್ದೀನಿ. ಇವಳಿಗಾದ್ರೆ ಕಾಯಿಲೆ. ನನಗೇನಾಗಿದೆ?”

ಪ್ರಸಾದ್ ಕುರ್ಚಿ ಎಳೆಯುತ್ತಿದ್ದವನು ಹಾಗೇ ನಿಂತುಬಿಟ್ಟ. ಅವರು ಕೂತು, ಎರಡು ಬೆರಳಲ್ಲಿ ಬಿಸಿ ಕಡುಬನ್ನು ಮುರಿದು ಬಾಯಿಗಿಟ್ಟರು. ಬೆಲ್ಲದ ಪಾಕ ಗಲ್ಲದ ಮೇಲೆ ಇಳಿಯಿತು. ನಿಧಾನವಾಗಿ ಅಗಿದು ನುಂಗಿದರು.

“ಕಾಯಿಗೆ ಒಂದು ಹರಳು ಉಪ್ಪು ಹಾಕಿದ್ದಾಳೆ. ಗೊತ್ತಿರೋಳು” ಎಂದರು. “ತಿನ್ನು, ಆರಿಹೋಗತ್ತೆ.”

ತಿಂದೆ. ಇಬ್ಬರೂ ಇನ್ನೊಂದೊಂದು ತರಿಸಿಕೊಂಡೆವು. ಎಲೆಗಳನ್ನು ಟ್ರೇಯಲ್ಲಿಟ್ಟು ನಾನೇ ಒಯ್ದೆ, ಈ ಸಲ ಸರಿಯಾದ ಕಪಾಟಿಗೆ.

ಮತ್ತೆ ವಿಮಾನದಲ್ಲಿ

ಮಾರನೆಯ ದಿನ ವಿಮಾನ ನಿಲ್ದಾಣದಲ್ಲಿ ರುಕ್ಮಿಣಮ್ಮ ನನ್ನ ಕೈಗೆ ಬಟ್ಟೆಯಲ್ಲಿ ಕಟ್ಟಿದ ಡಬ್ಬ ಕೊಟ್ಟರು. ಗಂಟಿನ ಮೇಲೆ ಕೆಂಪು ದಾರ. ಏನಿದೆ ಎಂದು ಅವರು ಹೇಳಲಿಲ್ಲ. ಇದಕ್ಕೆ ಏನು ಹಾಕಿದ್ದೀರಿ ಎಂಬ ಮಾತು ಅಭ್ಯಾಸಬಲದಿಂದ ನನ್ನ ಗಂಟಲಿನವರೆಗೆ ಬಂತು. ಅವರ ಮುಖ ನೋಡಿದೆ. ಕಾಲಿಗೆ ನಮಸ್ಕಾರ ಮಾಡಿ ಒಳಗೆ ನಡೆದೆ.

ಊಟದ ಹೊತ್ತಿಗೆ ಗಗನಸಖಿ ಬಂದು ನನ್ನ ಹೆಸರು ಓದಿ, ಗ್ಲುಟೆನ್ ಇಲ್ಲದ ಕೋಳಿಯನ್ನು ಮುಂದಿಟ್ಟಳು. ಬೇಡಮ್ಮ, ನನ್ನ ಊಟ ತಂದಿದ್ದೇನೆ ಎಂದೆ. ದಾರ ಬಿಚ್ಚಿ ಮುಚ್ಚಳ ತೆಗೆದೆ. ಪುಳಿಯೋಗರೆ. ಘಮ್ಮೆಂದು ಮೊದಲು ಮೂಗಿಗೆ ಬಂದದ್ದು ಇಂಗು.

ಕೇಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಕೇಳಬೇಕೆಂದು ಅನ್ನಿಸಲೂ ಇಲ್ಲ. ಒಂದು ಅಗುಳೂ ಬಿಡದೆ ತಿಂದೆ.